ಓಣಿ ದಾಟಿದ ಹಾಸು

ನಮ್ಮ ಓಣಿಗೆ ಎಷ್ಟು ಸಲ ಸಿಮೆಂಟ್ ಹಾಕಿದರೋ ಅಷ್ಟು ಸಲ ಎದುರುಮನೆ ಒಂದೊಂದು ಗೇಣು ಕೆಳಗಿಳಿದಿದೆ. ಮನೆ ಇದ್ದಲ್ಲೇ ಇದೆ, ರಸ್ತೆಯೇ ಮೇಲೇರಿದ್ದು. ಹಾಗಾಗಿ ರಾಮದುರ್ಗದಲ್ಲಿ ಆ ವರ್ಷ ಮಳೆ ಹಿಡಿದು ಗಟಾರ ಕಟ್ಟಿಕೊಂಡಾಗ, ಹೊಲಸು ನೀರಿಗೆ ಯಾರೂ ದಾರಿ ತೋರಿಸಬೇಕಾಗಲಿಲ್ಲ. ಬಾಗಿಲಿನಿಂದ ನುಗ್ಗಿತು, ಸಾಲದ್ದಕ್ಕೆ ಬಚ್ಚಲ ತೂತಿನಿಂದಲೂ ಉಕ್ಕಿತು.

ಆ ಮನೆಯಲ್ಲಿದ್ದವರು ಸೀರೆ ನೇಯುವ ಹೆಂಡತಿ, ನೂಲು ಸುತ್ತಿಕೊಡುವ ಗಂಡ, ಆಗಷ್ಟೇ ಹೆಜ್ಜೆ ಇಡಲು ಕಲಿತ ಮಗಳು. ನೀರು ಇಳಿದ ಮೇಲೆ ಓಣಿಯವರೆಲ್ಲ ಸೇರಿ ಕೆಸರು ಎತ್ತಿದೆವು. ಜೋಳದ ಚೀಲ, ಕೌದಿ, ಎಲ್ಲವನ್ನೂ ಹೊರಗೆ ಬಿಸಾಡಿದೆವು. ನನಗೆ ಹೊಲಸು ಕಂಡರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಕೈ ಚುರುಕಾಗುತ್ತದೆ. ಬಾಟಲಿಗಟ್ಟಲೆ ಫಿನೈಲ್ ಸುರಿದೆ. ಆದರೆ ಮಣ್ಣಿನ ಗೋಡೆ ಮೊಣಕಾಲಿಗೂ ಬರದಿದ್ದ ಆ ನೀರನ್ನು ಕುಡಿದು ಸೊಂಟದ ಮಟ್ಟ ಕಪ್ಪಾಗಿತ್ತು. ತೊಳೆದಷ್ಟೂ ವಾಸನೆ ಬರುತ್ತಿತ್ತು. ಮಗುವಿಗೆ ವಾಂತಿ ಶುರುವಾಯಿತು. ಈ ಕೂಸನ್ನು ಆ ಮನೆಯಲ್ಲಿ ಇಡಲೇಬೇಡಿ ಎಂದು ದವಾಖಾನೆಯ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು.

ತಾಯಿ ಮಾತ್ರ ಅಲ್ಲಿಂದ ಏಳಲಿಲ್ಲ. ಕಾರಣ ಮಗ್ಗ. ನಮ್ಮ ಕಡೆಯ ಕೈಮಗ್ಗಕ್ಕೆ ನೆಲದಲ್ಲಿ ಕುಣಿ ತೋಡಿರುತ್ತಾರೆ. ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯುತ್ತಾರೆ. ಕುಣಿಯ ತುಂಬ ಈಗ ಹೊಲಸು. ಅದರ ಮೇಲೆ ಉದ್ದಕ್ಕೆ ಬಿಗಿದ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳು, ಸಾವಿರಾರು. ನೀರು ತೀರ ಏರಿದಾಗಲೂ ಆ ಎಳೆಗಳಿಗಿಂತ ಒಂದು ಗೇಣು ಕೆಳಗೇ ನಿಂತಿತ್ತು. ಕರಿ ನೀರಿನ ಮೇಲೆ ಕುಂಕುಮ ಬಣ್ಣದ ಎಳೆಗಳು ಒಂದೂ ಒದ್ದೆಯಾಗದೆ ಹರಡಿಕೊಂಡಿದ್ದನ್ನು ಕಂಡು ನಾನು ಕಸಬರಿಗೆ ಹಿಡಿದುಕೊಂಡೇ ನಿಂತುಬಿಟ್ಟಿದ್ದೆ.

“ಹಾಸು ಕೊಯ್ದ ಒಗಿ, ನಮ್ಮ ಮನಿಗೆ ಬಾ,” ಎಂದು ಗದರಿದೆ. “ಕೂಸಿಗಿಂತ ಸೀರಿ ಹೆಚ್ಚಾತೇನು ನಿನಗ?”

“ಅರ್ಧ ನೇಯ್ದದ್ದನ್ನ ಹೆಂಗ ಕೊಯ್ಯಲ್ರಿ ಅಕ್ಕಾರ? ಕೊಯ್ದ್ರ ನಾಳೆ ಕೂಸಿಗೆ ಏನ್ ಉಣಸಲಿ? ತರೋಣಂದ್ರ ಮಗ್ಗಕ್ಕ ಕುಣಿ ಬೇಕ್ರಿ. ಕುಣಿ ಇದ್ದ ಮನಿ ಈಗ ಎಲ್ಲಿ ಉಳದಾವ್ರಿ?”

ಅದು ಖರೆ. ಓಣಿಯಲ್ಲಿ ಒಂದೊಂದೇ ಮಗ್ಗ ನಿಂತು, ಕುಣಿಗಳಿಗೆ ಮಣ್ಣು ತುಂಬಿ ಮೇಲೆ ಟೈಲ್ಸ್ ಕೂಡಿಸಿದ್ದಾರೆ. ಮಗುವನ್ನಾದರೂ ಕೊಡು ಎಂದು ಎತ್ತಿಕೊಂಡು ಬಂದೆ. ತೊಟ್ಟಿಲು ಕಟ್ಟಿದೆ, ತಟ್ಟಿದೆ, ನನ್ನ ಕೆಟ್ಟ ದನಿಯಲ್ಲಿ ಜೋಗುಳವನ್ನೂ ಹಾಡಿದೆ. ಅದು ಮೈ ಸೆಟೆಸಿ ಅತ್ತಿತೇ ಹೊರತು ಕಣ್ಣು ಮುಚ್ಚಲಿಲ್ಲ. ತಾಯಿ ಬೇಕಾಗಿರಬೇಕು ಎಂದುಕೊಂಡು ಮತ್ತೆ ಅದೇ ದುರ್ವಾಸನೆಯೊಳಗೆ ಬಿಟ್ಟುಬಂದೆ.

ಬಂದವಳು ಹೊಲಿಗೆ ಮಷಿನ್ ಮುಂದೆ ಕೂತೆ. ಸಿಟ್ಟಿನಲ್ಲಿ ಕಾಲನ್ನು ನೆಲಕ್ಕೆ ಅಪ್ಪಳಿಸಿದರೆ ಕೆಳಗಿನ ಫರಸಿ ಕಲ್ಲು ಟೊಳ್ಳಾಗಿ ಸದ್ದು ಮಾಡಿತು. ನನ್ನ ಕಾಲ ಕೆಳಗೇ ಅತ್ತೆಯ ಕುಣಿ ಇತ್ತು! ಅವರು ತೀರಿಕೊಂಡ ಮೇಲೆ ಅದಕ್ಕೆ ಕಲ್ಲು ಮುಚ್ಚಿ ಮಷಿನ್ ಇಟ್ಟು ಮರೆತೇಬಿಟ್ಟಿದ್ದೆವು. ಅವರ ಮಗ್ಗದ ಗೂಟಗಳೂ ಹಾಗೇ ಇದ್ದವು. ನಾನು ಅವಕ್ಕೆ ಗಿರಾಕಿಗಳ ಬ್ಲೌಸ್ ನೇತುಹಾಕುತ್ತಿದ್ದೆ.

ಮಷಿನ್ ಅಡುಗೆಮನೆಗೆ ಹೋಯಿತು. “ಇನ್ನ ರೊಟ್ಟಿ ಎಲ್ಲಿ ಬಡೀತಿ?” ಎಂದು ನನ್ನ ಯಜಮಾನರು ಕೇಳಿದರು.

“ನಿಮ್ಮ ತಲಿ ಮ್ಯಾಲೆ,” ಎಂದೆ. ಅವರು ನಗುತ್ತ ಹಾರೆ ತಂದು ಕಲ್ಲು ಎಬ್ಬಿಸಿದರು.

ಎಳೆಗಳು ಸಡಿಲಾದರೆ ಒಂದಕ್ಕೊಂದು ಸಿಕ್ಕುಬೀಳುತ್ತವೆ. ಬಿಗಿ ಬಿಡದೆ ಹಿಡಿದುಕೊಂಡು ನಡೆದರೆ ಮಾತ್ರ ಹಾಸು ಉಳಿಯುತ್ತದೆ ಎಂದಳು ಎದುರುಮನೆಯವಳು. ಓಣಿಯವರಿಗೆ ಹೇಳಿಕಳಿಸಿದೆ. ಬಂದವರು ನಳದ ನೀರಿಗೆ ಕೊಡ ಹಿಡಿದು ಬಡಿದಾಡುವ ಅದೇ ಜನ. ಒಬ್ಬರು ಚಹಾದ ಅಂಗಡಿ ನಡೆಸುತ್ತಾರೆ, ಒಬ್ಬರು ಶಾಲೆಯಲ್ಲಿ ಅಡುಗೆ ಮಾಡುತ್ತಾರೆ. ಮಗ್ಗ ಬಿಟ್ಟು ಎಷ್ಟೋ ಕಾಲವಾಗಿದೆ. ಕೈ ತೊಳೆದುಕೊಂಡು ಬಂದು ಹಾಸಿನ ಎರಡೂ ಬದಿಗೆ ನಿಂತರು. ಮೊದಲೆಲ್ಲ ಎಳೆಗಳಿಗೆ ಗಂಜಿ ಹಚ್ಚುವ ಕೆಲಸ ಈ ಓಣಿಯಲ್ಲೇ ಎಲ್ಲರೂ ಸೇರಿ ಮಾಡುತ್ತಿದ್ದುದು. ಆ ಕೈಗಳಿಗೆ ಮರೆವು ಬಂದಿರಲಿಲ್ಲ.

ನೇಯ್ದ ಸೀರೆ ಸುತ್ತಿದ ದಿಂಡನ್ನು ಇಬ್ಬರು ಹಿಡಿದು ಮುಂದೆ ನಡೆದರು. ಹಿಂದಿನ ಕೋಲನ್ನು ಅವಳ ಗಂಡ ಮತ್ತೊಬ್ಬರ ಜೊತೆ ಜಗ್ಗಿ ಹಿಡಿದ. ನಡುವಿನವರು ಅಂಗೈ ಮೇಲೆ ಎಳೆಗಳನ್ನು ಹೊತ್ತರು. “ಸಾವಕಾಶ... ಸಾವಕಾಶರೀ...” ಎನ್ನುತ್ತ ಅವಳು ಎಳೆಗಳ ಜೊತೆಗೇ ಬಂದಳು. ಮುಂದಿನವರು ಮೆಟ್ಟಿಲು ಏರಿದಂತೆ ಕೆಳಗಿದ್ದವರು ಕೈಗಳನ್ನು ತಲೆಯ ಮೇಲಕ್ಕೆ ಎತ್ತಿದರು. ಒಂದು ತುದಿ ನಮ್ಮ ಹೊಸ್ತಿಲು ಮುಟ್ಟಿದಾಗ ಇನ್ನೊಂದು ಇನ್ನೂ ಆ ಮನೆಯೊಳಗೇ ಇತ್ತು. ಓಣಿಗೆ ಅಡ್ಡಲಾಗಿ ಬಿಸಿಲಲ್ಲಿ ಕೆಂಪಗೆ ಹೊಳೆಯುವ ಎಳೆಗಳು, ಅವುಗಳ ಕೆಳಗೆ ಸಾಲು ಸಾಲು ಅಂಗೈಗಳು.

ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನ ಗಾಡಿ ಬಂದು ಹಾರ್ನ್ ಹೊಡೆಯಿತು. ನಾನು ಬೈಯಲು ತಿರುಗಿದೆ. ಡ್ರೈವರ್ ಆಗಲೇ ಇಂಜಿನ್ ಬಂದ್ ಮಾಡಿ ಕೆಳಗಿಳಿದಿದ್ದ. ಪಲ್ಲಕ್ಕಿ ಎದುರಾದಾಗ ನಿಲ್ಲುವ ಹಾಗೆ, ಚಪ್ಪಲಿ ಬಿಟ್ಟು ಗೋಡೆಗೆ ಸರಿದು ನಿಂತ. ಓಣಿಯಲ್ಲೇ ದೊಡ್ಡ ಬಾಯಿ ನನ್ನದು. ಅಂದು ಬೈಗುಳ ಬಿಟ್ಟು ನಾನೂ ಎಳೆಗಳ ಕೆಳಗೆ ಅಂಗೈ ಒಡ್ಡಿದೆ. ಅಷ್ಟು ದೊಡ್ಡ ಮೆರವಣಿಗೆಯನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಮಗ್ಗ ಕಟ್ಟಿ ಮುಗಿಸುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ಹರಿದ ಕೆಲವು ಎಳೆಗಳಿಗೆ ಅವಳು ಗಂಟು ಹಾಕಿದಳು, ಅತ್ತೆಯ ಕುಣಿಗೆ ಕಾಲು ಇಳಿಬಿಟ್ಟಳು, ತುಳಿದಳು. ಖಟ್ ಖಟ್ ಎಂದಿತು. ಗೂಡಿನಲ್ಲಿದ್ದ ಹಿತ್ತಾಳೆ ತಂಬಿಗೆ ಅತ್ತೆಯ ಕಾಲದಲ್ಲಿ ನಡುಗುತ್ತಿದ್ದಂತೆಯೇ ನಡುಗಿತು, ನನಗೆ ಅಳು ಬಂತು. ಕಣ್ಣೊರೆಸಿಕೊಂಡು ನೋಡಿದರೆ, ಅಳುತ್ತಲೇ ಇದ್ದ ಮಗು ಮಗ್ಗದ ಪಕ್ಕದ ಬರಿನೆಲದ ಮೇಲೆ ಬಾಯಿ ತೆರೆದು ಮಲಗಿಬಿಟ್ಟಿತ್ತು.

ಸಪ್ಪಳಕ್ಕೆ ಎದ್ದೀತೆಂದು ಹೆದರಿ, ನಿಲ್ಲಿಸು ಎಂದು ನಾನು ಸನ್ನೆ ಮಾಡಿದೆ.

ಅವಳು ನೇಯುತ್ತಲೇ ಬೇಡವೆಂದು ತಲೆಯಾಡಿಸಿದಳು. “ನಿಂದ್ರಿಸಿದ್ರ ಎದ್ದಬಿಡತಾಳ್ರಿ ಅಕ್ಕಾರ.”