ಕೋವಿಗೆ ಮುಡಿಸಿದ ಸೇವಂತಿಗೆ

ನಾನು ಹುಟ್ಟಾ ಪುಕ್ಕಲಿ. ಕುಕ್ಕರ್ ಸೀಟಿ ಹಾಕುವ ಮುನ್ನವೇ ಅಡುಗೆಮನೆ ಬಿಟ್ಟು ಹೊರಗೆ ನಿಲ್ಲುವವಳು. ಅಂಥವಳ ಮನೆಯ ಬೇಸ್‌ಮೆಂಟಿನಲ್ಲಿ ಮದ್ದಿನ ಡಬ್ಬ ತಂದಿಟ್ಟವರು ನನ್ನ ಗಂಡ. ಮದ್ದು ಅಂದರೆ ಕೆಮ್ಮಿಗೆ ಕುಡಿಯುವ ಮದ್ದಲ್ಲ, ಕೋವಿಯ ಮದ್ದು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಡೆಟ್ರಾಯಿಟ್‌ನಿಂದ ಆನ್ ಆರ್ಬರ್ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ನಮ್ಮ ಮನೆ. ಇವರು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಆಫೀಸಿನ ಗೆಳೆಯನೊಬ್ಬ ಇವರನ್ನು ಗನ್ ಕ್ಲಬ್ಬಿಗೆ ಕರೆದುಕೊಂಡು ಹೋಗಿ, ಗಾಳಿಯಲ್ಲಿ ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆಯುವ ಚಟ ಹತ್ತಿಸಿದ. ಮೈಸೂರಿನಲ್ಲಿ ಜಿರಲೆ ಕಂಡರೆ ಅಮ್ಮನನ್ನು ಕರೆಯುತ್ತಿದ್ದ ಮನುಷ್ಯ ಇಲ್ಲಿ ಜೋಡುನಳಿಗೆಯ ಕೋವಿ ಕೊಂಡರು.

ಆದರೆ ಹೊಡೆಯುವುದಕ್ಕಿಂತ ಹೆಚ್ಚಾಗಿ ಇವರನ್ನು ಹಿಡಿದುಕೊಂಡದ್ದು ತೋಟಾ ತಯಾರಿಸುವ ಕೆಲಸ. ಹಾರಿಸಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಕೊಳವೆಗಳನ್ನು ಆರಿಸಿ ತರುವುದು, ಬಾಯಿ ಸೀಳಿದ್ದನ್ನು ಬ್ಲೇಡಿನಿಂದ ಕತ್ತರಿಸಿ ಗಿಡ್ಡ ಮಾಡುವುದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸುವುದು, ಮದ್ದು ತೂಗಿ ಹಾಕುವುದು, ಅದರ ಮೇಲೆ ಬಿರಡೆ, ಬಿರಡೆಯ ಮೇಲೆ ಸೀಸದ ಚರೆ ತುಂಬಿ ಬಾಯಿ ಮಡಿಸುವುದು. ಮಾಮೂಲಿ ತೋಟಾಕ್ಕಿಂತ ಗಿಡ್ಡ, ಹೆಬ್ಬೆರಳಿನಷ್ಟು ಉದ್ದ. ಮದ್ದು ಕಡಿಮೆ, ಆದ್ದರಿಂದ ಭುಜಕ್ಕೆ ಬೀಳುವ ಒದೆತವೂ ಕಡಿಮೆ.

"ಇದೆಲ್ಲ ನಿನ್ಗೇ ಅಂತ ಮಾಡ್ತಿರೋದು ಕಣೆ. ಒಂದ್ಸಲ ಬಂದು ಟ್ರೈ ಮಾಡು" ಎನ್ನುತ್ತಿದ್ದರು.

"ನನ್ಗೆ ಪಟಾಕಿನೇ ಆಗ್ಬರಲ್ಲ" ಎಂದು ನಾನು ಮೆಟ್ಟಿಲ ಮೇಲಿನಿಂದಲೇ ಹೇಳಿಬಿಡುತ್ತಿದ್ದೆ.

ನನ್ನ ಭಯವನ್ನು ಹೋಗಲಾಡಿಸಲೆಂದು ಇವರು ಅಪಾಯಗಳನ್ನೆಲ್ಲ ಒಂದೊಂದಾಗಿ ವಿವರಿಸಿದರು. ಅದರಿಂದ ಭಯ ಇಮ್ಮಡಿಯಾಯಿತು. ಯಾರಾದರೂ ಮಾತಾಡಿಸಿ ಗಮನ ತಪ್ಪಿ ಒಂದೇ ತೋಟಾಕ್ಕೆ ಎರಡು ಸಲ ಮದ್ದು ಬಿದ್ದರೆ ಕೋವಿ ಕೈಯಲ್ಲೇ ಒಡೆಯುತ್ತದಂತೆ. ನಳಿಗೆಯಲ್ಲಿ ಒಂದು ಬಟ್ಟೆ ಚೂರು ಸಿಕ್ಕಿಕೊಂಡಿದ್ದರೂ ಸಾಕಂತೆ, ಬಾಳೆಹಣ್ಣು ಸುಲಿದ ಹಾಗೆ ಉಕ್ಕು ಸೀಳಿ ಮುಖಕ್ಕೇ ಬರುತ್ತದಂತೆ. "ಅದಕ್ಕೇ ತೋಟಾ ಹಾಕೋಕೆ ಮುಂಚೆ ನಳಿಗೇಲಿ ಬೆಳಕು ನೋಡ್ಬೇಕು. ನಾನು ನೋಡ್ದೆ ಹಾಕೋದೇ ಇಲ್ಲ" ಎಂದು ನಕ್ಕರು. ಆಮೇಲೆ ಕ್ಲಬ್ಬಿನಿಂದ ಇವರು ಬರುವವರೆಗೂ ನಾನು ಕಿಟಕಿ ಬಿಟ್ಟು ಏಳುತ್ತಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಅತ್ತೆ ಮೈಸೂರಿನಿಂದ ಬಂದರು. ಮಗ ಕೆಳಗೆ ಮೇಜಿನ ಮುಂದೆ ಮೌನವಾಗಿ ಕೂತು, ಯಾರನ್ನೂ ಹತ್ತಿರ ಬಿಡದೆ, ಚಿಟಿಕೆ ಚಿಟಿಕೆ ಪುಡಿ ತೂಗುವುದು ಅವರಿಗೆ ಏನೂ ವಿಚಿತ್ರವಾಗಿ ಕಾಣಲಿಲ್ಲ. "ಅವನು ಮಡೀಲಿದಾನೆ, ಮುಟ್ಬೇಡ, ಮಾತಾಡಿಸ್ಬೇಡ" ಎಂದು ನನಗೇ ಎಚ್ಚರಿಸುತ್ತಿದ್ದರು.

ನವರಾತ್ರಿ ಬಂತು. ಆಯುಧಪೂಜೆಯ ದಿನ ಅತ್ತೆ ಕಾರು ತೊಳೆಸಿದರು, ಹೊಲಿಗೆ ಮಷೀನಿಗೆ ಕುಂಕುಮವಿಟ್ಟರು. ಆಮೇಲೆ ಆರತಿ ತಟ್ಟೆ ಹಿಡಿದು ಬೇಸ್‌ಮೆಂಟಿನ ಮೆಟ್ಟಿಲ ಕಡೆ ಹೊರಟರು. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ಬಾಗಿಲಿಗೆ ಅಡ್ಡ ನಿಂತೆ.

"ಕೆಳಗೆ ಬೆಂಕಿ ಬೇಡ ಅತ್ತೆ. ಮದ್ದಿದೆ."

"ಮನೇಲಿರೋ ನಿಜವಾದ ಆಯುಧ ಅದೊಂದೇ. ಅದಕ್ಕೇ ಪೂಜೆ ಬೇಡ್ವಾ?"

ನಾನು ಜಗ್ಗಲಿಲ್ಲ. ಕೊನೆಗೆ ಅರಿಶಿನ, ಕುಂಕುಮ, ಹೂವು ಮಾತ್ರ ಕೆಳಗೆ, ಆರತಿ ಮೆಟ್ಟಿಲ ಮೇಲಿನಿಂದ ಎಂದು ರಾಜಿಯಾಯಿತು. ಅವರು ಮುಖ ಊದಿಸಿಕೊಂಡು ಇಳಿದು ಹೋದರು. ಮನೆ ಉಳಿಸಿದೆನೆಂಬ ಜಂಬದಲ್ಲಿ ನಾನು ಕೆಳಗೆ ಹೋಗಿ ನೋಡಲೂ ಇಲ್ಲ.

ವಿಜಯದಶಮಿ ಮುಗಿದ ಮೇಲಿನ ಶನಿವಾರ ಇವರು ಕೋವಿ ತೆಗೆದುಕೊಂಡು ಗೆಳೆಯನ ಕಾರಿನಲ್ಲಿ ಕ್ಲಬ್ಬಿಗೆ ಹೋದರು. ಅತ್ತೆ ಪೂಜೆಯ ಬಾಡಿದ ಹೂಗಳನ್ನೆಲ್ಲ ಒಟ್ಟುಮಾಡಿ ಹಿತ್ತಲಿನ ಗಿಡದ ಬುಡಕ್ಕೆ ಹಾಕುತ್ತಿದ್ದರು. ಕುಂಬಳಕಾಯಿ ಮಾರುವ ಅಂಗಡಿಯಿಂದ ಕುಂಡದಲ್ಲಿ ತಂದಿದ್ದ ಹಳದಿ ಸೇವಂತಿಗೆಗಳು ಅವು. ಒಂದು ಹೂವನ್ನು ಎತ್ತಿ ತೋರಿಸಿದರು.

"ಇದಕ್ಕೆ ತೊಟ್ಟೇ ಇಲ್ಲ ನೋಡು. ಅದು ಕೋವಿ ಒಳಗೇ ಉಳ್ಕೊಂಡ್ಬಿಡ್ತು."

"ಒಳಗೆ ಅಂದ್ರೆ?"

"ಅದಕ್ಕೆ ಎರಡು ಮೂಗಿನ ಹೊಳ್ಳೆ ಇದಾವಲ್ಲ, ಎಡಗಡೇದಕ್ಕೆ ಮೂಗುಬೊಟ್ಟಿನ ಥರ ಮುಡಿಸಿದ್ದೆ. ಬಾಡಬಾರ್ದು ಅಂತ ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ ಚೆನ್ನಾಗಿ ಒತ್ತಿದ್ದೆ. ಎಳೆದ್ರೆ ಹೂ ಮಾತ್ರ ಬಂತು."

ಇವರ ಪದ್ಧತಿ ನನಗೆ ಗೊತ್ತಿತ್ತು. ಹೋಲಿಸಿ ನೋಡಲು ಅನುಕೂಲವೆಂದು ಮಾಮೂಲಿ ತೋಟಾ ಬಲಗಡೆ ನಳಿಗೆಗೆ, ಗಿಡ್ಡ ತೋಟಾ ಎಡಗಡೆ ನಳಿಗೆಗೆ. ಮಾಮೂಲಿ ಸುತ್ತು ಮುಗಿದ ಮೇಲೆ, ಕೊನೆಯಲ್ಲಿ, ಎಡಗಡೆ. ಬೆಳಕು ನೋಡೇ ನೋಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನೋಡದಿದ್ದರೆ? ಕಣ್ಣು ಹೋದರೆ? ಕೈ ಹೋದರೆ?

ಕ್ಲಬ್ಬಿಗೆ ಫೋನ್ ಮಾಡಿದೆ. ಒಬ್ಬ ಗಂಡಸು ಎತ್ತಿಕೊಂಡ. ಗಾಬರಿಯಲ್ಲಿ ನನಗೆ ಬಂದ ಇಂಗ್ಲಿಷ್ ಇಷ್ಟೇ: "ಪ್ಲೀಸ್, ದೇರ್ ಈಸ್ ಎ ಫ್ಲವರ್ ಇನ್ ಮೈ ಹಸ್ಬೆಂಡ್ಸ್ ಗನ್."

ಅವನು ಗುರ್ ಎಂದ. ಹಿಪ್ಪಿಗಳ ತಮಾಷೆಗೆಲ್ಲ ತನಗೆ ಪುರುಸೊತ್ತಿಲ್ಲ, ಶಾಂತಿಯ ಪಾಠ ಬೇರೆ ಕಡೆ ಹೇಳಿಕೊ ಎಂದು ಫೋನ್ ಕುಕ್ಕಿದ. ಯುದ್ಧ ಬೇಡವೆಂದು ಹುಡುಗ ಹುಡುಗಿಯರು ಸೈನಿಕರ ಕೋವಿಗೆ ಹೂ ಸಿಕ್ಕಿಸುತ್ತಿದ್ದ ಕಾಲ ಅದು, ಪೇಪರಿನಲ್ಲಿ ಫೋಟೋಗಳನ್ನು ನಾನೂ ನೋಡಿದ್ದೆ. ಆದರೆ ಆಗ ಅದು ತಲೆಗೆ ಹೊಳೆಯಲಿಲ್ಲ. ಮತ್ತೆ ಡಯಲ್ ಮಾಡಿದೆ. ಯಾರೂ ಎತ್ತಲಿಲ್ಲ.

ನಮ್ಮ ಕಾರು ಮನೆಯಲ್ಲೇ ಇತ್ತು. ನನಗೆ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ತರಕಾರಿ ಅಂಗಡಿ ದಾಟಿ ಡ್ರೈವ್ ಮಾಡಿದವಳೇ ಅಲ್ಲ. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಫ್ರೀವೇ ಹತ್ತಿದೆ. ಲಾರಿಗಳು ಪಕ್ಕದಲ್ಲಿ ಭೋರೆಂದು ಹೋದಾಗಲೆಲ್ಲ ಕಣ್ಣು ಮುಚ್ಚಬೇಕೆನಿಸುತ್ತಿತ್ತು. ದಾರಿಯಲ್ಲಿ ಅತ್ತೆಗೆ ವಿಷಯ ಹೇಳಿದೆ. "ಹೂ ತಾನೆ ಕಣೆ, ಹೂವಿಂದ ಏನಾಗತ್ತೆ?" ಎಂದರು. ಹತ್ತಿಯ ಕತೆ, ಸೀಳುವ ಉಕ್ಕಿನ ಕತೆ ಹೇಳಿದೆ. ಆಮೇಲೆ ದಾರಿಯುದ್ದಕ್ಕೂ ಅವರ ತುಟಿ ಜಪದಲ್ಲಿ ಅಲುಗಾಡುತ್ತಿತ್ತು.

ಎಕ್ಸಿಟ್ ಇಳಿದು ಕ್ಲಬ್ಬಿನ ಮಣ್ಣುರಸ್ತೆಗೆ ತಿರುಗಿದಾಗ ಗುಂಡಿನ ಸದ್ದು ಕೇಳತೊಡಗಿತು. ಪ್ರತಿಯೊಂದು ಸದ್ದಿಗೂ ಇದೇ ಅದು, ಇದೇ ಅದು ಎನಿಸುತ್ತಿತ್ತು. ಕಾರು ನಿಲ್ಲಿಸಿ ಓಡಿದೆ. ದೂರದಲ್ಲಿ ಇವರು ಗುಂಡು ಹೊಡೆಯುವವರ ಸಾಲಿನ ತುದಿಗೆ ಒಬ್ಬರೇ ನಿಂತು ಕೋವಿ ಎತ್ತಿ ಭುಜಕ್ಕೆ ಇಟ್ಟಿದ್ದರು. ಕೂಗಿದೆ. ಕಿವಿಗೆ ಮುಚ್ಚಳ ಹಾಕಿಕೊಂಡವರಿಗೆ ಕೂಗು ಎಲ್ಲಿ ಕೇಳಬೇಕು? ನಾನು ಅಲ್ಲೇ ನಿಂತುಬಿಟ್ಟೆ.

ನನ್ನನ್ನು ದಾಟಿಕೊಂಡು ಅತ್ತೆ ಹೋದರು. ಸೀರೆ ಎತ್ತಿ ಹಿಡಿದು ಹುಲ್ಲಿನ ಮೇಲೆ ಓಡಿ, ಹಿಂದಿನಿಂದ ಮಗನ ಅಂಗಿ ಹಿಡಿದು ಜಗ್ಗಿದರು. ಮಡಿಯಲ್ಲಿದ್ದವನನ್ನು ಮುಟ್ಟಿದರು.

ಇವರು ಬೆಚ್ಚಿದರು. ಸಾಲಿನ ಹತ್ತಿರ ಯಾರಾದರೂ ಬಂದರೆ ಕೋವಿಯನ್ನು ನಡುವೆ ಬಗ್ಗಿಸಿ ತೆರೆಯಬೇಕೆಂಬುದು ಅಲ್ಲಿನ ನಿಯಮ. ಅಭ್ಯಾಸ ಬಲದಿಂದ ತೆರೆದರು. ನನ್ನನ್ನು ನೋಡಿ ಮುಖ ಅರಳಿತು.

"ಅಂತೂ ಬಂದೇಬಿಟ್ಯಾ! ಈಗ ತಾನೇ ನಿನ್ನ ಗಿಡ್ಡ ತೋಟಾ ಹಾಕ್ದೆ."

"ತೆಗೀರಿ ಅದನ್ನ. ಬೆಳಕು ನೋಡಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ತೋಟಾ ತೆಗೆದು ನಳಿಗೆಗಳನ್ನು ಆಕಾಶಕ್ಕೆ ಹಿಡಿದರು. ನಾನೂ ಬಗ್ಗಿ ನೋಡಿದೆ. ಬಲಗಡೆ ಒಂದು ದುಂಡಗಿನ ಬೆಳಕು. ಎಡಗಡೆ ಕತ್ತಲೆ.

ಕೋಲು ಹಾಕಿ ನೂಕಿದಾಗ ಹೊರಬಿದ್ದದ್ದು ಒಂದು ಗಟ್ಟಿ ಹತ್ತಿಯುಂಡೆ, ಅದರೊಳಗೆ ಹಸಿರು ತೊಟ್ಟು. ಇವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಹುಲ್ಲಿನ ಮೇಲೆ ಕುಸಿದು ಕೂತರು. ಕೂದಲೆಳೆಯಷ್ಟು ಮದ್ದು ಹೆಚ್ಚಾದರೂ ಮತ್ತೆ ತೂಗುತ್ತಿದ್ದ ಮನುಷ್ಯ. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು.

"ನೋಡ್ದೆ ಹಾಕೋದೇ ಇಲ್ಲ ಅಂತಿದ್ರಿ!"

"ದಿನಾ ನೋಡ್ತೀನಿ ಕಣೆ" ಎಂದರು, ತಲೆ ಎತ್ತದೆ. "ಇವತ್ತು ಹೇಗೂ ಅಮ್ಮ ಪೂಜೆ ಮಾಡಿದಾಳಲ್ಲ ಅಂತ ನೋಡ್ಲಿಲ್ಲ."

ಅತ್ತೆ ಅದನ್ನು ಕೇಳಿಸಿಕೊಂಡರು. ಮಗನ ಪಕ್ಕದಲ್ಲಿ ಕೂತು, ಅವರ ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡತೊಡಗಿದರು.