ಶಾಲೆಯ ಸ್ಪೀಕರು ಪೆಂಡಾಲಿಗೆ ಹೋದ ವರ್ಷ

ಆ ದಿನ ಬೆಳಿಗ್ಗೆ ಕೊಟ್ಟಿಗೆ ಬಾಚಿದೆ. ಹಾಲು ಕರೆದು ಡೈರಿಗೆ ಹಾಕಿ ಬಂದೆ. ಗೌರಿ ಹಬ್ಬಕ್ಕೆ ಬಾಗಿನ ಬಂದಿದ್ದ ಮೊರಗಳನ್ನು ಒರೆಸಿ ಅಟ್ಟಕ್ಕೆ ಸೇರಿಸಿದೆ. ಹಲಸಂದೆ ಕಾಳು ನೆನೆಹಾಕಿದೆ. ಮಗಳಿಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದು, ಅವಳ ದಪ್ಪ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಮೂಗಿನ ಮೇಲೆ ಕೂರಿಸಿ ಶಾಲೆಗೆ ಕಳಿಸಿದೆ. ಬಚ್ಚಲ ಒಲೆಯ ಬೂದಿ ತೆಗೆದೆ. ಆಮೇಲೆ ಹೋಗಿ ಗಣಪತಿ ಪೆಂಡಾಲಿನಿಂದ ಸ್ಪೀಕರು ಕಿತ್ತುಕೊಂಡು ಬಂದೆ.

ಕೊನೆಯದೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ನಿತ್ಯದ ಕೆಲಸ. ಅದೊಂದಕ್ಕೇ ನಮ್ಮೂರಿನಲ್ಲಿ ಈಗಲೂ ನನ್ನನ್ನು ಕಂಡರೆ, ‘ಗಣಪತಿ ಸೌಂಡ್ ನಿಲ್ಸಿದೋಳು’ ಅನ್ನುವವರಿದ್ದಾರೆ. ಅನ್ನಲಿ. ನನ್ನ ಸಿಟ್ಟು ಏನೆಂದು ಅವರು ಕೇಳಲಿಲ್ಲ, ಈಗ ಹೇಳುತ್ತೇನೆ.

ನಮ್ಮದು ಹಳೇಕೋಟೆಯಿಂದ ಒಳಗೆ ಹೋದರೆ ಸಿಗುವ ಊರು. ಮಗಳು ಆಗ ಮೂರನೇ ಕ್ಲಾಸು. ಹುಟ್ಟಿನಿಂದಲೇ ಅವಳಿಗೆ ದೃಷ್ಟಿ ಮಂದ. ಹಾಸನದ ಕಣ್ಣಿನ ಡಾಕ್ಟರು, ಕನ್ನಡಕ ಹಾಕಿದರೂ ಪೂರ್ತಿ ಸರಿಹೋಗುವುದಿಲ್ಲ, ಆದರೆ ದೊಡ್ಡದಾಗಿ ತೋರಿಸಿದರೆ ಕಾಣುತ್ತದೆ ಎಂದಿದ್ದರು. ಶಾಲೆಯಲ್ಲಿ ಯಾವುದೂ ದೊಡ್ಡದಾಗಿರಲಿಲ್ಲ. ಬೋರ್ಡು ಅವಳಿಗೆ ಒಂದು ಕಪ್ಪು ಗೋಡೆ, ಪುಸ್ತಕದ ಅಕ್ಷರ ಇರುವೆ ಸಾಲು. ಬೇರೆ ಮಕ್ಕಳು ಗಟ್ಟಿಯಾಗಿ ಓದುವುದನ್ನು ಕೇಳಿ ಕೇಳಿ ಪಾಠಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಯಾವ ಪುಟ ತೆರೆದುಕೊಟ್ಟರೂ ಒಂದನೇ ಪಾಠವನ್ನೇ ಸೊಗಸಾಗಿ ಒಪ್ಪಿಸುತ್ತಿದ್ದಳು.

ಆ ವರ್ಷವೇ ಶಾಲೆಗೆ ಕಂಪ್ಯೂಟರು ಬಂತು. ರಿಬ್ಬನ್ನು ಕತ್ತರಿಸಿದರು, ತೆಂಗಿನಕಾಯಿ ಒಡೆದರು. ತಾಲ್ಲೂಕಿನಿಂದ ಬಂದಿದ್ದ ಒಬ್ಬರು, “ಇನ್ನು ಈ ಹಳ್ಳಿ ಮಕ್ಕಳ ಕಣ್ಣು ತೆರೆಯುತ್ತದೆ” ಎಂದು ಭಾಷಣ ಮಾಡಿದರು. ನನಗೆ ಆ ಮಾತು ಚುಚ್ಚಿತು. ಆದರೆ ಅದರ ಜೊತೆ ಬಂದಿದ್ದ ಒಂದು ಸಿ.ಡಿ. ಆ ಮಾತನ್ನು ಹೆಚ್ಚುಕಮ್ಮಿ ನಿಜ ಮಾಡಿತು. ಬಾಣದ ಗುರುತನ್ನು ಅಕ್ಷರದ ಮೇಲಿಟ್ಟು ಒತ್ತಿದರೆ ಅದು ಪರದೆಯ ತುಂಬ, ಊಟದ ತಟ್ಟೆಯಷ್ಟು ಅಗಲಕ್ಕೆ ಹಿಗ್ಗುತ್ತಿತ್ತು. ಒಬ್ಬ ಹೆಂಗಸಿನ ದನಿ ಆ ಅಕ್ಷರವನ್ನು ನಿಧಾನವಾಗಿ ಹೇಳುತ್ತಿತ್ತು. ಆಮೇಲೆ ಪರದೆಯ ಮೇಲೆ ಪದಗಳು ಬರುತ್ತಿದ್ದವು. ಹೇಳಿದ ಪದವನ್ನು ಸರಿಯಾಗಿ ಒತ್ತಿದರೆ ಚಪ್ಪಾಳೆ, ತಪ್ಪಾದರೆ ಕಪ್ಪೆ ವಟಗುಟ್ಟುವ ಸದ್ದು. ನನ್ನ ಮಗಳು ಪರದೆಗೆ ಮೂಗು ತಾಗಿಸಿ ಕೂರುತ್ತಿದ್ದಳು. ಮುಂದಲೆಯ ಕೂದಲು ಗಾಜಿನ ಕರೆಂಟಿನ ಸೆಳೆತಕ್ಕೆ ನೆಟ್ಟಗೆ ಎದ್ದು ನಿಲ್ಲುತ್ತಿತ್ತು. ಆ ದನಿಗೆ ಅವಳು ಇಟ್ಟ ಹೆಸರು ‘ಕಂಪ್ಯೂಟರ್ ಅಕ್ಕ’. “ಅಕ್ಕ ಎಷ್ಟ್ ಸಲ ಕೇಳುದ್ರೂ ಬಯ್ಯಲ್ಲ ಕಣವ್ವ” ಅನ್ನುತ್ತಿದ್ದಳು.

ಅದಕ್ಕೂ ನಾನು ಹೆಡ್‌ಮೇಷ್ಟ್ರ ಬಾಗಿಲು ಕಾಯಬೇಕಾಯಿತು. ಕಂಪ್ಯೂಟರಿಗೆ ಜರತಾರಿ ಅಂಚಿನ ಮುಸುಕು, ಕೋಣೆಗೆ ಬೀಗ. ಮಕ್ಕಳಿಗೆ ವಾರಕ್ಕೊಮ್ಮೆ ಸಾಲಾಗಿ ನಿಂತು ನೋಡುವ ಭಾಗ್ಯ. ನಾನು ಕೇಳಿ ಕೇಳಿ, ಶಾಲೆ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಕೂರಲು ಒಪ್ಪಿಗೆ ಪಡೆದಿದ್ದೆ. ಮೇಷ್ಟ್ರು ಕೆಟ್ಟವರಲ್ಲ. ಯಾರು ಏನು ಕೇಳಿದರೂ ಆಗಲಿ ಅನ್ನುವವರು. ಅಂಥವರಿಂದಲೇ ನನಗೆ ಹೆಚ್ಚು ಕಷ್ಟವಾಗಿದೆ.

ಅವರೇ ಒಂದು ದಿನ ಹೇಳಿದರು: “ನೋಡಮ್ಮ, ಅರ್ಧ ವರ್ಷದ ಪರೀಕ್ಷೆ ಹೊತ್ತಿಗೆ ಮಗು ಓದಿದರೆ ಸರಿ. ಇಲ್ಲದಿದ್ದರೆ ಕಣ್ಣು ಕಾಣದ ಮಕ್ಕಳ ಹಾಸ್ಟೆಲ್ ಶಾಲೆಗೆ ಬರೆದು ಕಳಿಸ್ತೀನಿ. ಅಲ್ಲಿ ಚೆನ್ನಾಗಿ ನೋಡ್ಕೊಳ್ತಾರೆ.”

ಅಂಥ ಶಾಲೆ ಬೇಕಾದ ಮಕ್ಕಳಿಗೆ ಅದು ಬೇಕೇ ಬೇಕು, ನಾನು ಅದನ್ನು ಹಳಿಯುವುದಿಲ್ಲ. ಆದರೆ ನನ್ನ ಮಗಳಿಗೆ ಕಾಣುತ್ತಿತ್ತು. ಎಂಟು ವರ್ಷದ ಕೂಸನ್ನು ಮನೆ ಬಿಡಿಸಿ ಕಳಿಸುವುದು ಅವಳ ಒಳ್ಳೆಯದಕ್ಕಲ್ಲ, ಇವರಿಗೆ ತಲೆನೋವು ತಪ್ಪುತ್ತದೆ ಎಂದು.

ಅಷ್ಟರಲ್ಲಿ ಗಣಪತಿ ಬಂದ. ಚನ್ನರಾಯಪಟ್ಟಣದ ಮೈಕ್‌ಸೆಟ್‌ನವನು ಬೇರೆ ಊರಿಗೆ ಒಪ್ಪಿಕೊಂಡುಬಿಟ್ಟಿದ್ದ. ನಮ್ಮೂರ ಹುಡುಗರು, ಅವರ ಮುಂದಾಳಾಗಿ ನನ್ನ ಮೈದುನ, ನೇರ ಶಾಲೆಗೆ ಹೋಗಿ ಕಂಪ್ಯೂಟರಿನ ಸ್ಪೀಕರು ಹೊತ್ತುಕೊಂಡು ಬಂದರು. ಒಂದು ದೊಡ್ಡ ಕರಿ ಡಬ್ಬ, ಎರಡು ಚಿಕ್ಕವು. ಮೇಷ್ಟ್ರು ಎಂದಿನಂತೆ ಆಗಲಿ ಎಂದಿದ್ದರು.

ನಾನು ಹೋಗಿ ಕೇಳಿದ್ದಕ್ಕೆ ಮೇಷ್ಟ್ರು ಹೇಳಿದರು: “ದೇವರ ಕಾರ್ಯ ಕಣಮ್ಮ, ಊರಿನವರನ್ನ ಎದುರು ಹಾಕ್ಕೊಂಡು ಇಲ್ಲಿ ನೌಕರಿ ಮಾಡೋಕಾಗುತ್ತಾ? ಗಣಪತಿ ಬಿಟ್ಟ ಮಾರನೇ ದಿನ ತಂದಿಡ್ತಾರೆ. ಅಲ್ಲೀತನಕ ಮಗು ಚಿತ್ರ ನೋಡ್ಲಿ.”

“ಚಿತ್ರ ಕಾಣ್ಸಂಗಿದ್ರೆ ನಾನ್ಯಾಕೆ ಸಾ ನಿಮ್ ಬಾಗ್ಲಿಗೆ ಬತ್ತಿದ್ದೆ?”

ಅವರು ಹಾಜರಿ ಪುಸ್ತಕ ತಿರುವತೊಡಗಿದರು.

ಗಣಪತಿಯನ್ನು ಐದನೇ ದಿನಕ್ಕೆ ಬಿಡುವುದೆಂದಿತ್ತು. ಆಮೇಲೆ ಒಂಬತ್ತು ಅಂದರು. ಆಮೇಲೆ ಹೊಳೆನರಸೀಪುರದ ಆರ್ಕೆಸ್ಟ್ರಾದವರು ಬಿಡುವಾದಾಗ ಅಂದರು. ಆರ್ಕೆಸ್ಟ್ರಾಕ್ಕೆ ಕಾಯುತ್ತ ಗಣಪತಿ ಕೂತ, ಸ್ಪೀಕರಿಗೆ ಕಾಯುತ್ತ ನನ್ನ ಮಗಳು ಕೂತಳು. ಸಂಜೆ ಶಾಲೆಗೆ ಹೋಗುವಳು, ಸದ್ದಿಲ್ಲದ ಪರದೆಯ ಮುಂದೆ ಒತ್ತುವಳು. ಸರಿಯೋ ತಪ್ಪೋ ತಿಳಿಯದೆ ಸಪ್ಪೆ ಮುಖ ಹಾಕಿಕೊಂಡು ಬರುವಳು. ಪರೀಕ್ಷೆ ಹತ್ತಿರವಾಗುತ್ತಿತ್ತು.

ಸ್ಪೀಕರು ಕಿತ್ತು ತಂದ ದಿನದ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಮೈದುನನನ್ನು ಕೇಳಿದೆ.

“ಗಣಪತಿ ಮುಂದೆ ಮಡಗಿದ್ನ ಬಿಡೋಗಂಟ ಎತ್ತಂಗಿಲ್ಲ ಕಣತ್ಗೆ. ಇದ್ಯಾಗಣಪತಿ ಅವ್ನು, ನಿನ್ ಮಗ್ಳಿಗೆ ಅವ್ನೇ ಬುದ್ಧಿ ಕೊಡ್ತಾನೆ ತಗೋ.”

“ಅವ್ಳಿಗೆ ಬುದ್ಧಿ ಐತೆ ಕಣ್ಲಾ. ವರ್ಸವರ್ಸ ಪೆಂಡಾಲ್ ಕಟ್ತೀಯಲ್ಲ, ನಿಂಗೇನಾದ್ರೂ ಕೊಟ್ನಾ?”

ನನ್ನ ಗಂಡ ತಟ್ಟೆಯಿಂದ ತಲೆ ಎತ್ತದೆ, “ಸುಮ್ಕಿರು, ಊರ್ ಮುಂದೆ ಮಾನ ಕಳೀಬ್ಯಾಡ” ಅಂದರು. ನಾನು ಅವರಿಗೆ ಇನ್ನೊಂದು ಮುದ್ದೆ ಹಾಕಿದೆ. ನಾನು ಸುಮ್ಮನಿದ್ದರೆ ಒಪ್ಪಿದ್ದೇನೆ ಎಂದು ಆ ಮನೆಯಲ್ಲಿ ಎಲ್ಲರೂ ತಿಳಿದಿದ್ದರು.

ಮಾರನೆಯ ದಿನ, ಆಗಲೇ ಹೇಳಿದ ಕೆಲಸಗಳನ್ನೆಲ್ಲ ಮುಗಿಸಿ, ತರಕಾರಿಯ ವೈರ್ ಬುಟ್ಟಿ ಹಿಡಿದು ಪೆಂಡಾಲಿಗೆ ಹೋದೆ. ಹುಡುಗರು ಕೇರಂ ಆಡುತ್ತಿದ್ದರು. ಸಿನಿಮಾ ಹಾಡು ಕಿವಿ ಕಿತ್ತುಹೋಗುವಂತೆ ಕೂಗುತ್ತಿತ್ತು. ಕರಿ ಡಬ್ಬಕ್ಕೆ ವಿಭೂತಿ, ಕುಂಕುಮ, ದಾಸವಾಳ. ಅದರ ನೆತ್ತಿಯ ಮೇಲೆ ಒಂದು ಬಾಳೆಹಣ್ಣು, ಹಣ್ಣಿಗೆ ಚುಚ್ಚಿದ ಊದುಬತ್ತಿ. ಬೂದಿ ಬಿದ್ದು, ತೀರ್ಥ ಸೋರಿ, ಮುಂದಿನ ಜಾಲರಿಯೆಲ್ಲ ಅಂಟಂಟು.

ಪ್ಲಗ್ ಎಳೆದೆ. ಹಾಡು ನಡುವೆಯೇ ನಿಂತಿತು.

“ಥೂ, ಕರೆಂಟ್ ಓಯ್ತು ಕಣ್ರಲಾ” ಎಂದ ಒಬ್ಬ.

“ಕರೆಂಟ್ ಓಗಿಲ್ಲ. ನಾನ್ ಬಂದಿವ್ನಿ.”

ಮೈದುನ ಎದ್ದು ಬಂದ. “ಅತ್ಗೆ, ಏನಿದು? ಮರ್ವಾದೆ ಬ್ಯಾಡ್ವಾ?”

“ಇಸ್ಕೂಲ್ ಮಕ್ಳ ಸಾಮಾನು ಎತ್ಕಬಂದೋರಿಗೆ ಮರ್ವಾದೆ, ವಾಪಸ್ ಮಡಗೋಳಿಗೆ ಇಲ್ವಾ? ಹಿಡ್ಕೊ ಬಾಳೆಹಣ್ಣ.” ಅವನು ಕೈಯೊಡ್ಡಿ ಹಿಡಿದುಕೊಂಡ, ಊದುಬತ್ತಿ ಸಮೇತ.

ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬಳು, “ದ್ಯಾವ್ರ ಮುಂದ್ಲುದು ಎತ್ತಬ್ಯಾಡ ಕಣವ್ವ, ಕಣ್ಣೋಯ್ತವೆ” ಎಂದಳು.

“ಕಣ್ಣಿನ್ ಮಾತ ನನ್ತಾವ ಆಡ್ಬ್ಯಾಡಜ್ಜಿ” ಅಂದೆ. ಗಣಪತಿಯ ಕಡೆ ತಿರುಗಿ ಕೈ ಮುಗಿದೆ, ಅವನ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಚಿಕ್ಕವೆರಡನ್ನು ಬುಟ್ಟಿಗೆ ಹಾಕಿ, ದೊಡ್ಡದನ್ನು ಸೊಂಟದ ಮೇಲಿಟ್ಟುಕೊಂಡು ನಡೆದೆ. ಯಾರೂ ತಡೆಯಲಿಲ್ಲ.

ಶಾಲೆಯಲ್ಲಿ ಮೇಷ್ಟ್ರು ನನ್ನ ಮುಖ ನೋಡಿಯೇ ಬೀಗ ತೆಗೆದರು. ವೈರು ಸಿಕ್ಕಿಸಿದರು. ಮಗಳನ್ನು ಕರೆಸಿ ಕೂರಿಸಿದೆ. ಅವಳು ಒತ್ತಿದಳು. ಜೇನುಗೂಡಿಗೆ ಕಲ್ಲು ಬಿದ್ದಂತೆ ಒಂದು ಗುಂಯ್ ಸದ್ದು ಬಂತು, ಅಷ್ಟೇ. ಇನ್ನೊಮ್ಮೆ ಒತ್ತಿದಳು. ಅದೇ ಗುಂಯ್. ಹಗಲೂ ಇರುಳೂ ಕೂಗಿ ಕೂಗಿ ಸ್ಪೀಕರು ಹರಿದುಹೋಗಿತ್ತು.

“ಅವ್ವ, ಅಕ್ಕ ಎಲ್ಲೋದ್ಲು?”

ಮೇಷ್ಟ್ರು, “ರಿಪೇರಿಗೆ ಹಾಸನಕ್ಕೆ ಕಳಿಸಬೇಕು. ಮೇಲಿನವರಿಗೆ ಬರೆಯಬೇಕು…” ಎಂದು ಶುರು ಮಾಡಿದರು.

“ಏನೂ ಬರೀಬ್ಯಾಡಿ ಸಾ” ಅಂದೆ. ಸ್ಟೂಲು ಎಳೆದುಕೊಂಡು ಮಗಳ ಪಕ್ಕ ಕೂತೆ. ಅರಕಲಗೂಡಿನಲ್ಲಿ ಪಿಯುಸಿ ತನಕ ಓದಿದವಳು ನಾನು, ಅಕ್ಷರ ಹೇಳಲು ನನಗೇನೂ ಕರೆಂಟು ಬೇಕಿರಲಿಲ್ಲ. ಅವಳು ಒತ್ತಿದ ಹಾಗೆ ಅಕ್ಕನಂತೆಯೇ ನಿಧಾನವಾಗಿ ಹೇಳಿದೆ. ಪದ ಸರಿಯಾದರೆ ಚಪ್ಪಾಳೆ ತಟ್ಟಿದೆ. ತಪ್ಪಾದಾಗ ಅವಳು ಕಾದಳು, ನನ್ನ ಮುಖದ ಕಡೆ ತಿರುಗಿ ಕಾದಳು. ನಾನು ಮೇಷ್ಟ್ರ ಮುಂದೆ, ಕಿಟಕಿಗೆ ಜೋತುಬಿದ್ದಿದ್ದ ಮಕ್ಕಳ ಮುಂದೆ, ಗಂಟಲು ಉಬ್ಬಿಸಿ ವಟರ್ ವಟರ್ ಎಂದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಮಗಳೂ ನಕ್ಕಳು. ಒಳಗೆ ಸಿಟ್ಟು ಹಾಗೇ ಇತ್ತು, ಬಾಯಲ್ಲಿ ಕಪ್ಪೆ. ಪದ ಮುಗಿದು ವಾಕ್ಯ ಬಂತು. ಅದನ್ನೂ ಓದಿದಳು.

“ಬಾಯಿಪಾಠ ಇರಬಹುದಲ್ಲಮ್ಮ” ಎಂದರು ಮೇಷ್ಟ್ರು.

“ಹಂಗಾರೆ ನೀವೇ ಬರ್ದು ಕೊಡಿ. ತಟ್ಟೆಯಷ್ಟ್ ದೊಡ್ದಾಗಿ.”

ಅವರು ಬಗ್ಗಿ, ಸೀಮೆಸುಣ್ಣದಲ್ಲಿ ಗಾರೆ ನೆಲದ ಮೇಲೆ ದಪ್ಪಗೆ ಬರೆದರು. ಮಗಳು ಮಂಡಿಯೂರಿ, ಜಡೆ ನೆಲಕ್ಕೆ ತಾಗುವಂತೆ ಬಾಗಿ, ಒಂದೊಂದೇ ಅಕ್ಷರದ ಮೇಲೆ ಕೈಯೂರಿಕೊಂಡು ಹೋದಳು.

“ನಾ…ಳೆ… ರ…ಜೆ… ಇಲ್ಲ.”

ಕಿಟಕಿಯಲ್ಲಿದ್ದ ಮಕ್ಕಳು, “ಅಯ್ಯೋ!” ಎಂದು ಒಟ್ಟಿಗೆ ನರಳಿದರು. ಮೇಷ್ಟ್ರು ನಕ್ಕುಬಿಟ್ಟರು. “ಓದ್ತಾಳೆ ಕಣಮ್ಮ. ಬರೆದು ಕಳಿಸಲ್ಲ. ಇಲ್ಲೇ ಇರ್ಲಿ.”

ನಾನು ನಗಲಿಲ್ಲ. ಆ ನೆಲ ನೋಡುತ್ತ ನಿಂತೆ. ಒಂದು ತುಂಡು ಸೀಮೆಸುಣ್ಣ. ಕಂಪ್ಯೂಟರು ಬರುವ ಮೊದಲೂ ಅದು ಅಲ್ಲೇ ಇತ್ತು, ನೆಲವೂ ಇತ್ತು, ಮೇಷ್ಟ್ರ ಸೊಂಟವೂ ಬಗ್ಗುತ್ತಿತ್ತು. ಒಂದನೇ ಕ್ಲಾಸಿನಿಂದ ಇಲ್ಲಿಯವರೆಗೆ ನನ್ನ ಮಗಳಿಗೆ ಅಕ್ಷರವನ್ನು ಇಷ್ಟು ದೊಡ್ಡದಾಗಿ ಬರೆದು ತೋರಿಸಬೇಕೆಂದು ಆ ಶಾಲೆಯಲ್ಲಿ ಯಾರಿಗೂ ತೋಚಿರಲಿಲ್ಲ. ಅದನ್ನು ತೋರಿಸಲು ಒಂದು ಪೆಟ್ಟಿಗೆ ಬರಬೇಕಾಯಿತು, ಬಂದ ಪೆಟ್ಟಿಗೆಯ ಗಂಟಲನ್ನು ಊರು ಹರಿದುಹಾಕಬೇಕಾಯಿತು.

“ಸಾ, ನಾಳೆಯಿಂದ ದಿನಾ ಇಂಗೇ ನೆಲದ್ ಮೇಲೆ ಬರ್ದು ಕೊಡಿ” ಅಂದೆ.

“ಆಗಲಿ ಕಣಮ್ಮ” ಎಂದರು.

“ಆಗ್ಲಿ ಅನ್ಬ್ಯಾಡಿ. ಬರೀರಿ.”

ಅವರು ಡಬ್ಬಿಯಿಂದ ಇನ್ನೊಂದು ಸೀಮೆಸುಣ್ಣ ತೆಗೆದು ಮತ್ತೆ ಬಗ್ಗಿದರು. ಸಂಜೆ ಹಾಲು ಕರೆಯುವ ಹೊತ್ತಾಗುವವರೆಗೂ ಅವರು ಬರೆದರು, ಅವಳು ಓದಿದಳು.

ಮನೆಗೆ ಬಂದಾಗ ಸುದ್ದಿ ನನಗಿಂತ ಮೊದಲೇ ಬಂದಿತ್ತು. ನನ್ನ ಗಂಡ ಹಾಲು ಕರೆಯುವ ಚೊಂಬು ನನ್ನ ಕೈಗಿಟ್ಟರು. ಮೈದುನ ಜಗುಲಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದ. ಪೆಂಡಾಲಿನಲ್ಲಿ ಸದ್ದಿಲ್ಲದೆ ಬೇಜಾರಂತೆ. ಮಗಳು ಒಲೆಯ ಇದ್ದಿಲು ತಂದು, ಅವನ ಕಾಲ ಬಳಿ ನೆಲದ ಮೇಲೆ ಅಗಲವಾಗಿ ‘ಚಿಕ್ಕಪ್ಪ’ ಎಂದು ಗೀಚಿ ತೋರಿಸಿದಳು. ಅವನು ನೋಡಿ ಕಾಲು ಹಿಂದಕ್ಕೆ ಎಳೆದುಕೊಂಡ, ಅಳಿಸಿಹೋಗದ ಹಾಗೆ. ಊಟಕ್ಕೆ ಕರೆಯದೆಯೇ ಒಳಗೆ ಬಂದ.

ರಾಗಿಮುದ್ದೆ, ಹಲಸಂದೆ ಕಾಳಿನ ಸಾರು, ಮಗಳಿಗೆ ಮಾತ್ರ ಒಂದು ಕಾಯಿ ಕಡುಬು. ಮೊದಲು ನಿದ್ದೆ ಹೋದದ್ದು ಅವಳೇ. ಅಂಗೈಯ ಇದ್ದಿಲು ತೊಳೆಸುವುದನ್ನು ನಾನು ಮರೆತಿದ್ದೆ, ದಿಂಬೆಲ್ಲ ಕಪ್ಪಾಗಿತ್ತು.