ಚಳಿಗೆ ದೊಡ್ಡ ಜೆಟ್ಟು

ರಾಮನಗರದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ತಿಮ್ಮಯ್ಯನ ಗ್ಯಾರೇಜು. ಅದಕ್ಕೆ ಬೋರ್ಡಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೂಟಗಲ್ಲಿನಿಂದ ಬಂದು ಇಪ್ಪತ್ತೆರಡು ವರ್ಷದಿಂದ ಬೈಕುಗಳ ಹೊಟ್ಟೆ ಬಗೆಯುತ್ತಿದ್ದ ಮನುಷ್ಯ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಮುಗೀತು, ಗಾಡಿಯ ಕಾಯಿಲೆ ಹೇಳಿಬಿಡುತ್ತಿದ್ದ. ಮುಕ್ಕಾಲು ಪಾಲು ಸರಿಯಾಗಿಯೇ ಹೇಳುತ್ತಿದ್ದ, ಸುಳ್ಳೇಕೆ ಆಡಲಿ. ಹಾಗೆ ಸರಿಯಾಗಿ ಹೇಳಿ ಹೇಳಿಯೇ ಅವನ ತಲೆ ತಿರುಗಿದ್ದು.

ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದ ಮೇಲೆ ಶಿಫ್ಟಿಗೆ ಹೋಗುವ ಹುಡುಗರೆಲ್ಲ ಅವನ ಗಿರಾಕಿಗಳಾದರು. ಧನುರ್ಮಾಸದ ಚಳಿಯಲ್ಲಿ ಬೆಳಗಿನ ಶಿಫ್ಟಿಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ಅವನ ಮದ್ದು ಒಂದೇ: ಪೆಟ್ರೋಲ್ ಒಸಿ ಜಾಸ್ತಿ ಬಿಡು. ಕಾರ್ಬುರೇಟರಿನೊಳಗೆ ಜೆಟ್ ಅಂತ ಕಡಲೆಕಾಳಿನಷ್ಟು ಹಿತ್ತಾಳೆ ತುಂಡೊಂದು ಇರುತ್ತದೆ. ಅದರ ತೂತು ಎಷ್ಟೋ ಇಂಜಿನ್ನಿಗೆ ಪೆಟ್ರೋಲು ಅಷ್ಟು. ಚಳಿ ಶುರುವಾದರೆ ಹುಡುಗರು ಸಾಲಾಗಿ ನಿಂತು ದೊಡ್ಡ ತೂತಿನ ಜೆಟ್ ಹಾಕಿಸಿಕೊಳ್ಳುತ್ತಿದ್ದರು. ಗಾಡಿಗಳೂ ಸ್ಟಾರ್ಟ್ ಆಗುತ್ತಿದ್ದವು.

ಎರಡು ಸಾವಿರದ ಎಂಟರ ಜೂನಿನಲ್ಲಿ ತಂಗಿ ಚಿಕ್ಕಲಕ್ಷ್ಮಮ್ಮನ ಒಬ್ಬನೇ ಮಗ ಲೋಕೇಶ ಬಂದು, "ಮಾವ, ಲಡಾಕ್‌ಗೆ ಹೊಂಟಿವ್ನಿ. ಫ್ಯಾಕ್ಟರಿಯೋರು ನಾಕ್ ಜನ. ಗಾಡಿ ರೆಡಿ ಮಾಡ್ಕೊಡು" ಅಂದ. ಅವನದು ಸೆಲ್ಫ್ ಇಲ್ಲದ ಹಳೇ ಬೈಕು, ಕಿಕ್ಕರ್ ಒದ್ದೇ ಹೊರಡಿಸಬೇಕು.

"ಚಳಿ ಎಂಗೈತ್ಲಾ ಅಲ್ಲಿ?"

"ಹಿಮ ಬೀಳ್ತೈತಂತೆ ಮಾವ. ಹದಿನೇಳು ಸಾವ್ರ ಅಡಿ."

ತಿಮ್ಮಯ್ಯ ಹತ್ತಿದ್ದ ಎತ್ತರವೆಂದರೆ ಮಾಗಡಿಯ ಸಾವನದುರ್ಗ, ಅದೂ ಕಾಲ್ನಡಿಗೆಯಲ್ಲಿ. ಹಿಮ ಅಂದದ್ದೇ ಅವನಿಗೆ ಕೇಳಿಸಿದ್ದು. ಡಬ್ಬಿ ತಡಕಾಡಿ ಎಲ್ಲಕ್ಕಿಂತ ದೊಡ್ಡ ಜೆಟ್ ತೆಗೆದ.

ಜೊತೆಗೆ ಬಂದಿದ್ದ ಗೆಳೆಯ ಮಹೇಂದ್ರ ತಡೆದ. ಅವನದು ಹೊಸ ಗಾಡಿ, ಕಾರ್ಬುರೇಟರೇ ಇಲ್ಲ, ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಚಿಮ್ಮಿಸುತ್ತದೆ. "ಅಣ್ಣ, ಮ್ಯಾಲಕ್ ಹೋದಂಗೆ ಗಾಳಿ ತೆಳ್ಳಗಾಯ್ತದಂತೆ. ಶೋರೂಮ್ನಲ್ಲಿ ಹೇಳಿದ್ರು. ಕಾರ್ಬುರೇಟರ್ ಗಾಡಿಗೆ ಚಿಕ್ಕ ಜೆಟ್ ಹಾಕ್ಬೇಕಂತೆ."

"ಶೋರೂಮ್ನೋನ್ಗೆ ಟೈ ಕಟ್ಟಕ್ ಬತ್ತದೆ, ಜೆಟ್ ಬಿಚ್ಚಕ್ ಬತ್ತದೇನ್ಲಾ? ಚಳಿಗೆ ದೊಡ್ಡದೇ ಕಣ್ಲಾ!"

ಎಲ್ಲರೂ ನಕ್ಕರು. ಮಗ ಹೊರಡುವ ಸಂಭ್ರಮಕ್ಕೆ ಮುದ್ದೆ, ಸೊಪ್ಪಿನ ಸಾರು ತಂದಿದ್ದ ಚಿಕ್ಕಲಕ್ಷ್ಮಮ್ಮನೂ ನಕ್ಕಳು. "ನಮ್ಮಣ್ಣನ ಮುಂದೆ ಶೋರೂಮೇನ್ ಮಹಾ" ಅಂದಳು. ಲೋಕೇಶ ಮಾವನ ಮಾತನ್ನು ಮೀರುವವನಲ್ಲ. ದೊಡ್ಡದೇ ಬಿತ್ತು.

ಹದಿನೈದನೇ ದಿನ ಫೋನ್ ಬಂತು. ಲೋಕೇಶ ಹೋಗಿಬಿಟ್ಟಿದ್ದ.

ಊರಿಗೆ ಮರಳಿದ ಮಹೇಂದ್ರ ಗ್ಯಾರೇಜಿನ ಬಾಗಿಲು ಎಳೆದುಕೊಂಡು ತಿಮ್ಮಯ್ಯನೊಬ್ಬನಿಗೇ ನಡೆದದ್ದನ್ನು ಹೇಳಿದ. ಮೇಲಕ್ಕೆ ಹೋದಂತೆ ಗಾಳಿ ಕಡಿಮೆಯಾಗಿ ಪೆಟ್ರೋಲೇ ಹೆಚ್ಚಾಗಿ ಲೋಕೇಶನ ಗಾಡಿ ಕೆಮ್ಮುತ್ತಿತ್ತಂತೆ, ಕರೀ ಹೊಗೆ ಉಗುಳುತ್ತಿತ್ತಂತೆ. ಮಹೇಂದ್ರನ ಗಾಡಿ ಗಾಳಿ ಎಷ್ಟಿದೆಯೋ ನೋಡಿ ತಾನೇ ಪೆಟ್ರೋಲ್ ಕಡಿಮೆ ಮಾಡಿಕೊಂಡು ಹತ್ತಿಬಿಟ್ಟಿತು. ಹಿಂದೆ ಬರುತ್ತಾನೆ ಅಂದುಕೊಂಡು ಮೂವರೂ ಮುಂದೆ ಹೋದರು. ಅವರು ತಿರುಗಿ ಬರುವಷ್ಟರಲ್ಲಿ ಲೋಕೇಶ ನಿಂತುಹೋದ ಗಾಡಿಯ ಕಿಕ್ಕರನ್ನು ಎರಡು ಗಂಟೆ ಒದ್ದಿದ್ದ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರುವ ಜಾಗ ಅದು. ಬಾಯಲ್ಲಿ ನೊರೆ ಬಂದಿತ್ತು. ಕೆಳಕ್ಕೆ ಇಳಿಸುವ ದಾರಿಯಲ್ಲೇ ಉಸಿರು ನಿಂತಿತು.

"ಲೋಕಿ ಅಮ್ಮನ್ಗೆ ನಾನೇನೂ ಹೇಳಿಲ್ಲ ಅಣ್ಣ," ಅಂದು ಮಹೇಂದ್ರ ಎದ್ದು ಹೋದ.

ಲಾರಿಯಲ್ಲಿ ಬಂದ ಬೈಕನ್ನು ತಿಮ್ಮಯ್ಯ ಬಿಚ್ಚಿದ. ಪ್ಲಗ್ಗು ಹೆಂಚಿನ ತಳದ ಹಾಗೆ ಮಸಿ ಹಿಡಿದಿತ್ತು. ಸ್ಕ್ರೂಡ್ರೈವರ್ ಕಿವಿಗಿಡುವ ಅಗತ್ಯವೇ ಇರಲಿಲ್ಲ. ಆ ಜೆಟ್ ತೆಗೆದು ಡಬ್ಬಿಯ ತಳಕ್ಕೆ ತುರುಕಿದ. ತಂಗಿ ಕೇಳಿದಾಗ, "ಅಲ್ಲಿ ಉಸಿರು ಸಿಕ್ಕಕ್ಕಿಲ್ವಂತೆ ಕಣವ್ವ, ನಮ್ ಹಣೇಬರಹ" ಅಂದ. ಥೂ, ಅವನ ಬಾಯಿಗಿಷ್ಟು! ಅದೇ ಬಾಯಿಂದ ಊಟವನ್ನೂ ಮಾಡಿದ.

ಯಾಕೆಂದರೆ ಅಣ್ಣ ಸೊರಗಿಹೋದ, ತನ್ನ ಮಗನ ಕೊರಗಿನಲ್ಲೇ ಸಾಯುತ್ತಾನೆ ಅಂತ ಚಿಕ್ಕಲಕ್ಷ್ಮಮ್ಮ ದಿನಾ ಮಧ್ಯಾಹ್ನ ಊಟದ ಕ್ಯಾರಿಯರ್ ಹೊತ್ತು ಬರತೊಡಗಿದಳು. ಎದುರಿಗೆ ಕೂತು, ಇನ್ನೊಂದ್ ತುತ್ತು, ಇನ್ನೊಂದ್ ತುತ್ತು ಅಂತ ಉಣ್ಣಿಸುತ್ತಿದ್ದಳು. ಹೇಳಿಬಿಡೋಣ ಅಂತ ಅವನು ದಿನಾ ಅಂದುಕೊಳ್ಳುತ್ತಿದ್ದ. ಮುದ್ದೆಯ ಜೊತೆ ಅದನ್ನೂ ನುಂಗುತ್ತಿದ್ದ.

ಮರುವರ್ಷ ಜೂನಿನಲ್ಲಿ ಒಂದು ದಿನ ಕ್ಯಾರಿಯರಿನ ಜೊತೆಗೆ ಪಕ್ಕದ ಮನೆ ರಾಧಾಮಣಿಯ ಮಗ ದೀಪುವನ್ನೂ ಕರೆತಂದಳು. ಅವನೂ ಅದೇ ಫ್ಯಾಕ್ಟರಿ, ಅವನದೂ ಕಾರ್ಬುರೇಟರ್ ಗಾಡಿ, ಅವನೂ ಲಡಾಕಿಗೇ ಹೊರಟಿದ್ದ.

"ಶೋರೂಮ್ಗೆ ಹೋಯ್ತೀನಿ ಅಂತಿದ್ದ ಅಣ್ಣ, ನಾನೇ ಎಳ್ಕೊಂಬಂದೆ. ಲೋಕಿಗ್ ಮಾಡ್ದಂಗೇ ಮಾಡ್ಕೊಡು. ನನ್ ಮಗನ್ ಆಯಸ್ಸು ಮುಗ್ದಿತ್ತು, ನಿನ್ ಕೈ ಕೆಲ್ಸ ಏನ್ ಮಾಡ್ತು?"

ದೀಪು ಟ್ಯಾಂಕ್ ಒರೆಸುತ್ತಾ, "ದೊಡ್ಡ ಜೆಟ್ಟೇ ಅಲ್ವಾ ಅಣ್ಣ?" ಅಂದ.

ತಿಮ್ಮಯ್ಯನ ಕೈ ಡಬ್ಬಿಯೊಳಗೇ ನಿಂತುಬಿಟ್ಟಿತು. ಸದ್ದಿಲ್ಲದೆ ಚಿಕ್ಕದನ್ನು ಹಾಕಿ ಕಳಿಸಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಈ ಹುಡುಗ ನಾಳೆ ನಾಲ್ಕು ಜನಕ್ಕೆ ದೊಡ್ಡದು ಅಂತಲೇ ಹೇಳುತ್ತಾನೆ, ಆ ನಾಲ್ವರೂ ಅದೇ ದಾರಿ ಹತ್ತುತ್ತಾರೆ.

"ಚಿಕ್ಕದು," ಅಂದ. "ಮ್ಯಾಲಕ್ ಹೋಗಕ್ಕೆ ಚಿಕ್ಕದೇ ಆಗ್ಬೇಕು. ಕೆಳಗಿಳಿದ್ ಮ್ಯಾಲೆ ನಿನ್ ಹಳೇ ಜೆಟ್ಟೇ ಹಾಕ್ಕೊ."

ಚಿಕ್ಕಲಕ್ಷ್ಮಮ್ಮ ಕ್ಯಾರಿಯರಿನ ಮುಚ್ಚಳ ತೆಗೆಯುತ್ತಿದ್ದಳು. "ಲೋಕಿಗೆ ದೊಡ್ಡದ್ ಹಾಕಿದ್ಯಲ್ಲಣ್ಣ? ಚಳಿಗೆ ದೊಡ್ಡದೇ ಅಂದ್ಯಲ್ಲ?"

"ತಪ್ ಹಾಕ್ಬುಟ್ಟೆ ಕಣವ್ವ. ಗಾಡಿ ನಿಂತಿದ್ದು ಅದ್ರಿಂದ್ಲೇ."

"ಯಾವಾಗ್ ಗೊತ್ತಾಯ್ತು?"

"ಮಹೇಂದ್ರ ಬಂದ್ ದಿವ್ಸ."

ಅವಳು ತೆಗೆದ ಮುಚ್ಚಳವನ್ನು ಮತ್ತೆ ಹಾಕಿ ಕ್ಯಾರಿಯರಿನ ಕೊಂಡಿ ಬಿಗಿದಳು. ತಿಮ್ಮಯ್ಯ ಜೆಟ್ ಬಿಗಿಯತೊಡಗಿದ.

"ವರ್ಷ್ ಪೂರ್ತಿ ನನ್ ಕೈಲಿ ತಿಂದ್ಯಲ್ಲೋ," ಅಂದಳು. ಅಣ್ಣನನ್ನು ಅವಳು 'ಲೋ' ಅಂದಿದ್ದು ಅದೇ ಮೊದಲು. ಊಟವನ್ನು ಎತ್ತಿಕೊಂಡು ಎದ್ದು ಹೋದಳು.

ಆಮೇಲೆ ಆ ಗ್ಯಾರೇಜಿಗೆ ಕ್ಯಾರಿಯರ್ ಬರಲಿಲ್ಲ.